ಬೀಜದಿಂದ ರೆಡ್‌ವುಡ್ ಬೋನ್ಸಾಯ್: ನನ್ನ ಅನುಭವ

“ನರ್ಸರಿಯಿಂದ 15 ಗ್ಯಾಲನ್ ಡಬ್ಬದ ಮರ ತಂದು ತುಂಡರಿಸು. ಬೀಜದಿಂದ ಹೊರಟರೆ ಅದನ್ನು ಕುಂಡಕ್ಕೆ ಏರಿಸುವುದು ನಿನ್ನ ಮೊಮ್ಮಕ್ಕಳು.” 2014ರಲ್ಲಿ, ಕುಂಡದಲ್ಲಿ ಕುಬ್ಜ ಮರ ಬೆಳೆಸುವ ನಮ್ಮ ಬೋನ್ಸಾಯ್ ಬಳಗದ ಹಿರಿಯರೊಬ್ಬರು ಹೀಗೆ ಅಂದಿದ್ದರು. ಈಗ ನನ್ನ ಐದು ರೆಡ್‌ವುಡ್ (ಕ್ಯಾಲಿಫೋರ್ನಿಯಾ ಕರಾವಳಿಯ ದೈತ್ಯ ಮರ) ಕುಂಡದಲ್ಲಿ ನಿಂತಿವೆ. ಐದೂ ನಾನೇ ಬಿತ್ತಿದವು.

ನಾನಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಬೀಜಕ್ಕೆ ಕಾಡಿಗೆ ಹೋಗಲಿಲ್ಲ, ಸರ್ಕಾರಿ ಪಾರ್ಕುಗಳಲ್ಲಿ ಕಾಯಿ ಹೆಕ್ಕುವ ಹಾಗೂ ಇಲ್ಲ. ಹಿಂಬದಿಯ ಮನೆಯವರ ರೆಡ್‌ವುಡ್ ಮರದಿಂದ ಹಳದಿಗೆ ತಿರುಗಿದ ಕಾಯಿ ಕೇಳಿ ತಂದು, ಕಾಗದದ ಚೀಲದಲ್ಲಿ ಫ್ರಿಜ್ ಮೇಲಿಟ್ಟೆ. ಎರಡು ವಾರಕ್ಕೆ ಬಾಯಿಬಿಟ್ಟವು. ಬೀಜ ಟೊಮೆಟೊ ಬೀಜದಷ್ಟಿರುತ್ತದೆ, ಬಹುಪಾಲು ಜೊಳ್ಳು. ಉಗುರಲ್ಲಿ ಒತ್ತಿದರೆ ಬರೀ ಕೆಂಪು ಪುಡಿ. ಸುಮಾರು 500 ಬಿತ್ತಿದ್ದಕ್ಕೆ ಹುಟ್ಟಿದ್ದು 40.

ಅದರಲ್ಲಿ 25ಕ್ಕೂ ಹೆಚ್ಚು ಒಂದೇ ವಾರದಲ್ಲಿ ಬುಡ ಕಪ್ಪಾಗಿ ಮಲಗಿದವು. ಊರಿಗೆ ಫೋನ್ ಮಾಡಿದಾಗ ಅಪ್ಪ, “ನೀರು ಜಾಸ್ತಿಯಾಯ್ತು ಮಾರಾಯ, ಗಾಳಿ ಆಡೋಕೆ ಬಿಡು” ಅಂದರು. ಅವರು ಆಯುಷ್ಯವೆಲ್ಲ ಅಡಿಕೆ ಸಸಿ ಎಬ್ಬಿಸಿದವರು. ಮುಂದಿನ ವರ್ಷ ಬೀಜದ ಮೇಲೆ ಮಣ್ಣಿನ ಬದಲು ತೆಳ್ಳಗೆ ಪ್ಯೂಮಿಸ್ (ಹಗುರವಾದ ಜ್ವಾಲಾಮುಖಿ ಕಲ್ಲು) ಪುಡಿ ಹಾಕಿ, ಪ್ಲಾಸ್ಟಿಕ್ ಮುಚ್ಚಳ ತೆಗೆದು, ತಟ್ಟೆಯ ಕೆಳಗಿನಿಂದ ನೀರು ಕುಡಿಸಿದೆ. ಸತ್ತದ್ದು ನಾಲ್ಕೋ ಐದೋ.

ಎರಡನೇ ವರ್ಷ ಸಸಿಯನ್ನು ಹತ್ತಿರದಿಂದ ನೋಡಿ. ಬೀಜದೆಲೆ ಇದ್ದ ಜಾಗದಲ್ಲಿ ಎದುರುಬದುರು ಎರಡು ಪುಟ್ಟ ಗಂಟು ಎದ್ದಿರುತ್ತವೆ, ಮೊದಲು ಸಾಸಿವೆಯಷ್ಟು, ಆಮೇಲೆ ಬಟಾಣಿಯಷ್ಟು. ಮುಂದೆ ಬೊಡ್ಡೆ ಅಗಲವಾಗುವುದು, ಕಡಿದರೂ ಮರ ಚಿಗುರುವುದು ಇವುಗಳ ಬಲದಿಂದ. ನರ್ಸರಿ ಡಬ್ಬದಲ್ಲಿ ಬೇರು ಸುತ್ತಿಕೊಂಡ ಮರಕ್ಕೆ ಇಂಥ ಬೊಡ್ಡೆ ಕೊಡಿಸುವುದು ಬಹಳ ಕಷ್ಟ. ಬೀಜದ ಸಸಿಗೆ ಮೊದಲ ದಿನದಿಂದ ಬೇರು ನಾವು ಹೇಳಿದ ಕಡೆ ಹೋಗುತ್ತದೆ. ಆ ಗಂಟನ್ನು ಎಷ್ಟು ಆಳಕ್ಕೆ, ಯಾವ ತಿಂಗಳಲ್ಲಿ ಮಣ್ಣೊಳಗೆ ಇಳಿಸಬೇಕು ಎಂಬುದನ್ನು ಮೂರು ಸಲ ಸೋತು ಕಲಿತಿದ್ದೇನೆ. ಅದು ಸದ್ಯಕ್ಕೆ ನನ್ನ ಬಳಿಯೇ ಇರಲಿ.

2016ರ ಫೆಬ್ರವರಿಯಲ್ಲಿ ತಾಯಿಬೇರು ಕತ್ತರಿಸಿ, ಬೇರು ಕೆಳಕ್ಕಿಳಿಯದೆ ಅಡ್ಡಕ್ಕೆ ಹರಡಲೆಂದು ಒಂದೊಂದು ಸಸಿಯನ್ನೂ ಒಂದೊಂದು ಟೈಲ್ ಮೇಲೆ ಕೂರಿಸಿ ಹಿತ್ತಲ ಮಡಿಯಲ್ಲಿ ನೆಟ್ಟೆ. ಒಂಬತ್ತು ಸಸಿ. ಆಮೇಲೆ ಐದು ವರ್ಷ ಕತ್ತರಿ ತಾಗಿಸಲಿಲ್ಲ. ಎಲ್ಲರೂ ತಪ್ಪುವುದು ಇಲ್ಲೇ. ತುದಿ ಚಿವುಟುತ್ತಾ ಹೋದರೆ ಕಾಂಡ ಬೆರಳು ದಪ್ಪಕ್ಕೇ ನಿಲ್ಲುತ್ತದೆ. ನನ್ನವು 14 ಅಡಿ ಏರಿ ಬೇಲಿ ದಾಟಿದವು, ಬುಡ ಮೂರೂವರೆ ಇಂಚು ಬಂತು. ಪಕ್ಕದವರು ಎರಡು ಸಲ ಬಂದು ವಿಚಾರಿಸಿದರು.

ನಡುವೆ ಎಲೆಯೆಲ್ಲ ಹಳದಿಯಾಗಿ ಎರಡು ವರ್ಷ ಕಂಗೆಟ್ಟಿದ್ದೆ. ಗೊಬ್ಬರದ ಮೇಲೆ ಗೊಬ್ಬರ ಸುರಿದು 200 ಡಾಲರ್ ಹಾಳಾಯಿತು. ಕೊರತೆ ಗೊಬ್ಬರದ್ದಲ್ಲ, ನಲ್ಲಿಯ ನೀರು ಗಡಸು. ಮಂಜಿನ ಕರಾವಳಿಯ ಮರ ಇದು, ಹುಳಿ ಮಣ್ಣು ಬೇಡುತ್ತದೆ, ಗಡಸು ನೀರು ಆ ಹುಳಿಯನ್ನು ಕಡಿಮೆ ಮಾಡುತ್ತದೆ. ಮಳೆನೀರಿನ ಎರಡು ಡ್ರಮ್ ಇಟ್ಟೆ. ಅದು ಖಾಲಿಯಾದಾಗ ನಲ್ಲಿ ನೀರಿಗೆ ಸ್ವಲ್ಪ ವಿನಿಗರ್ ಬೆರೆಸುತ್ತೇನೆ. ಒಂದೇ ಬೇಸಿಗೆಯಲ್ಲಿ ಹಸಿರು ಮರಳಿತು.

ಇನ್ನು ಕಡಿಯುವುದು. 14 ಅಡಿ ಮರವನ್ನು ಒಂದಡಿಗೆ ಇಳಿಸಲು ನನಗೂ ಧೈರ್ಯವಿರಲಿಲ್ಲ. 2020ರ ಆಗಸ್ಟಿನ ಕಾಳ್ಗಿಚ್ಚಿನಲ್ಲಿ ಇಲ್ಲಿನ ಬಿಗ್ ಬೇಸಿನ್ ಎಂಬ ರೆಡ್‌ವುಡ್ ಕಾಡು ಸುಟ್ಟಿತಲ್ಲ, ಕೆಲವೇ ತಿಂಗಳಲ್ಲಿ ಆ ಕರಕಲು ಕಾಂಡಗಳ ಮೈತುಂಬ ಹಸಿರು ಒಡೆದ ಫೋಟೋ ನೋಡಿದೆ. ಬೆಂಕಿಗೇ ಬಗ್ಗದ ಮರ ನನ್ನ ಗರಗಸಕ್ಕೆ ಸಾಯುತ್ತದೆಯೇ? 2021ರ ಫೆಬ್ರವರಿಯಲ್ಲಿ ಒಂಬತ್ತನ್ನೂ ಕಡಿದೆ. ಎರಡನ್ನು ಆತುರದಲ್ಲಿ ಅಂದೇ ಕಿತ್ತು ಗಿಡ ಬೆಳೆಸುವ ಪೆಟ್ಟಿಗೆಗೆ ಹಾಕಿದೆ, ಎರಡೂ ಸತ್ತವು. ಉಳಿದ ಏಳನ್ನು ಇನ್ನೊಂದು ವರ್ಷ ನೆಲದಲ್ಲೇ ಬಿಟ್ಟೆ. ಏಪ್ರಿಲ್ ಹೊತ್ತಿಗೆ ಒಂದೊಂದರಲ್ಲೂ ಮೂವತ್ತು ನಲವತ್ತು ಚಿಗುರು. ತುದಿಗೆ ಒಂದು, ಕೊಂಬೆಗೆ ಏಳೆಂಟು ಉಳಿಸಿ ಮಿಕ್ಕದ್ದನ್ನು ಉಗುರಿನಿಂದಲೇ ಉಜ್ಜಿ ತೆಗೆದೆ.

ಕೊಂಬೆ ಬಾಗಿಸಲು ಸುತ್ತುವ ತಂತಿಯ ವಿಷಯದಲ್ಲಿ ಎಚ್ಚರ. ತೊಗಟೆ ಮೆದು, ಬೆಳೆಯುವ ಕಾಲದಲ್ಲಿ ಐದಾರು ವಾರಕ್ಕೇ ಕಚ್ಚುತ್ತದೆ. ಒಂದು ಮರದ ಕೊಂಬೆಗಳಲ್ಲಿ ಆ ಸುರುಳಿ ಗುರುತು ಇವತ್ತಿಗೂ ಹೋಗಿಲ್ಲ. ಈಗ ಎಳೆ ಚಿಗುರಲ್ಲೇ ದಾರ ಕಟ್ಟಿ ಕೆಳಕ್ಕೆ ಎಳೆಯುತ್ತೇನೆ. ಕೊಂಬೆ ಬಾಗಿದ್ದರೆ ಮಾತ್ರ ಮರಕ್ಕೆ ಮುದಿತನ ಬರುತ್ತದೆ. ಕಡಿದ ತುದಿಯನ್ನು ಸಿಡಿಲು ಹೊಡೆದಂತೆ ಸೀಳಿ ಕೆತ್ತಿದ್ದೇನೆ, ಎಷ್ಟೋ ಹಳೆಯ ರೆಡ್‌ವುಡ್‌ಗಳ ನೆತ್ತಿ ಹಾಗೇ ಇರುತ್ತದೆ.

2022ರ ಫೆಬ್ರವರಿಯಲ್ಲಿ ಕಿತ್ತು ಪೆಟ್ಟಿಗೆಗೆ ಏರಿಸಿದ ಏಳರಲ್ಲಿ ಎರಡು ಅದೇ ಸೆಪ್ಟೆಂಬರಿನ ಬಿಸಿಲಿಗೆ ಹೋದವು. ನಾವು ಮನೆಯಲ್ಲಿರಲಿಲ್ಲ, ಹನಿ ನೀರಾವರಿ ಟೈಮರಿನ ಬ್ಯಾಟರಿ ಮುಗಿದಿತ್ತು. ಎಂಟು ಡಾಲರ್ ಬ್ಯಾಟರಿಗೆ ಎಂಟು ವರ್ಷದ ಮರ. ಆ ನೋವು ಇನ್ನೂ ಇದೆ.

ಬೇರೆ ಪ್ರಯೋಗಗಳೂ ನಡೆದವು. ರೆಡ್‌ವುಡ್‌ನ ಸೋದರ ಜಾತಿಯಾದ ಜೈಂಟ್ ಸಿಕ್ವೋಯಾ ಬೀಜವನ್ನು ಒದ್ದೆ ಮರಳಿನಲ್ಲಿ ಸುತ್ತಿ ಎರಡು ತಿಂಗಳು ಫ್ರಿಜ್‌ನಲ್ಲಿ ದೋಸೆ ಹಿಟ್ಟಿನ ಪಕ್ಕ ಇಟ್ಟೆ. ಚೆನ್ನಾಗಿ ಹುಟ್ಟಿದವು, ಆದರೆ ಕಡಿದ ಮೇಲೆ ರೆಡ್‌ವುಡ್‌ನಂತೆ ಚಿಗುರಲಿಲ್ಲ, ಕೈಬಿಟ್ಟೆ. ಐದು ಸಸಿ ಒಟ್ಟಿಗೆ ಕಟ್ಟಿ ಒಂದೇ ಕಾಂಡವಾಗಿಸುವುದು ಅರ್ಧ ಕೂಡಿದೆ, ನೋಡೋಣ.

ಖರ್ಚು ನೆನಪಿದ್ದಂತೆ: ಅಕಡಾಮಾ (ಜಪಾನಿನ ಜೇಡಿಮಣ್ಣಿನ ಹರಳು), ಪ್ಯೂಮಿಸ್, ಲಾವಾ ಕಲ್ಲು ಎಲ್ಲ ಸೇರಿ 600 ಡಾಲರ್, ಕುಂಡಗಳಿಗೆ 500, ಡ್ರಮ್, ಪೈಪು, ಟೈಮರ್ 250ರ ಸುಮಾರು. ನೀರಿನ ಬಿಲ್ ಲೆಕ್ಕವಿಟ್ಟಿಲ್ಲ. ಕಳೆದ ವರ್ಷ ಒಬ್ಬರು ಒಂದು ಮರವನ್ನು 900 ಡಾಲರಿಗೆ ಕೇಳಿದರು, ಕೊಡಲಿಲ್ಲ.

ಆ ಹಿರಿಯರು ಮೊನ್ನೆ ಮನೆಗೆ ಬಂದು ಬೊಡ್ಡೆಯ ಮೇಲೆ ಕೈಯಾಡಿಸಿ, ಬಹಳ ಹೊತ್ತು ಸುಮ್ಮನಿದ್ದು, ಎರಡು ಸಸಿ ಕೇಳಿದರು. ಟೈಲ್ ಸಮೇತ ಕೊಟ್ಟೆ.