ಬ್ಯಾಕ್‌ಲೈಟ್ ಬೆಳಗದಿದ್ದಾಗ: ಬೂಸ್ಟ್ ಎಲ್‌ಇಡಿ ಡ್ರೈವರಿನಲ್ಲಿ ದೋಷ ಹುಡುಕುವ ಬಗೆ

ಪರದೆ ಕಪ್ಪಾಗಿದೆ ಎಂದ ಮಾತ್ರಕ್ಕೆ ಬ್ಯಾಕ್‌ಲೈಟ್ ಕೆಟ್ಟಿದೆ ಎಂದು ತೀರ್ಮಾನಿಸಬಾರದು. ಸಾಧನವನ್ನು ಚಾಲೂ ಮಾಡಿ, ಪರದೆಯ ಮೇಲೆ ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಮಸುಕಾಗಿಯಾದರೂ ಚಿತ್ರ ಕಂಡರೆ ಪ್ಯಾನೆಲ್ ಕೆಲಸ ಮಾಡುತ್ತಿದೆ, ಹಿಂಬದಿಯ ಬೆಳಕು ಮಾತ್ರ ಬರುತ್ತಿಲ್ಲ ಎಂದು ಅರ್ಥ. ಅಲ್ಲಿಂದ ಮುಂದೆ ಹೆಚ್ಚಿನವರು ಮಾಡುವ ಮೊದಲ ಕೆಲಸವೆಂದರೆ ಎಲ್‌ಇಡಿಗಳಿಗೆ ವಿದ್ಯುತ್ ಒದಗಿಸುವ ಡ್ರೈವರ್ ಐಸಿಯನ್ನು ಬದಲಿಸುವುದು. ನನ್ನ ಪ್ರಕಾರ ಅದು ಕೊನೆಯಲ್ಲಿ ಮಾಡಬೇಕಾದ ಕೆಲಸ, ಏಕೆಂದರೆ ಔಟ್‌ಪುಟ್ ಕೆಪಾಸಿಟರಿನ ಮೇಲಿನ ವೋಲ್ಟೇಜ್ ಒಂದನ್ನು ಅಳೆದರೆ ಯಾವ ಕಡೆ ಹುಡುಕಬೇಕೆಂಬುದು ಬಹುಮಟ್ಟಿಗೆ ಗೊತ್ತಾಗಿಬಿಡುತ್ತದೆ.

ಮೀಟರ್ ಹಿಡಿಯುವ ಮುನ್ನ ಎಚ್ಚರಿಕೆಯ ಒಂದು ಮಾತು. ಸಣ್ಣ ಪರದೆಗಳಲ್ಲಿ ಈ ವೋಲ್ಟೇಜ್ 20ರಿಂದ 40ರವರೆಗೆ ಇರುವುದು ಸಾಮಾನ್ಯ. ಟಿವಿಗಳಲ್ಲಿ 100 ವೋಲ್ಟ್ ದಾಟಬಹುದು, ಅದೇ ಬೋರ್ಡಿನ ಮೇಲೆ ಮೇನ್ಸ್ ವಿದ್ಯುತ್ತೂ ಇರಬಹುದು. ವಿದ್ಯುತ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ. ಅದು ಪೂರ್ತಿ ಇಳಿದಿದೆ ಎಂದು ಅಳೆದು ಖಚಿತಪಡಿಸಿಕೊಳ್ಳದೆ ಕೈಯಿಡಬೇಡಿ.

ಕಡಿಮೆ ವೋಲ್ಟೇಜನ್ನು ಏರಿಸಿ ಕೊಡುವ ಬೂಸ್ಟ್ ಸರ್ಕೀಟಿನಲ್ಲಿ ಇನ್‌ಪುಟ್‌ನಿಂದ ಇಂಡಕ್ಟರ್ ಮತ್ತು ಶಾಟ್ಕಿ ಡಯೋಡ್ ಮೂಲಕ ಔಟ್‌ಪುಟ್‌ಗೆ ನೇರ ದಾರಿ ಇರುತ್ತದೆ. ಆದ್ದರಿಂದ ಸ್ವಿಚ್ (ವೋಲ್ಟೇಜ್ ಏರಿಸಲು ವೇಗವಾಗಿ ಆನ್-ಆಫ್ ಆಗುವ ಮಾಸ್ಫೆಟ್) ಸುಮ್ಮನಿದ್ದರೂ ಔಟ್‌ಪುಟ್‌ನಲ್ಲಿ ಇನ್‌ಪುಟ್‌ಗಿಂತ ಸ್ವಲ್ಪವೇ ಕಡಿಮೆ ವೋಲ್ಟೇಜ್ ಕಾಣಬೇಕು. ಸೊನ್ನೆ ಬಂದರೆ ಆ ದಾರಿಯೇ ಕಡಿದಿದೆ: ಫ್ಯೂಸ್, ಇಂಡಕ್ಟರ್, ಡಯೋಡ್ ಇವುಗಳಲ್ಲಿ ಯಾವುದೋ ಒಂದು ತೆರೆದುಕೊಂಡಿರಬೇಕು. ಫ್ಯೂಸ್ ಹೋಗಿದ್ದರೆ ಅದನ್ನಷ್ಟೇ ಹಾಕಿ ಮುಗಿಸಬೇಡಿ. ಅದನ್ನು ಸುಟ್ಟದ್ದು ಶಾರ್ಟ್ ಆದ ಮಾಸ್ಫೆಟ್ಟೋ ಸೆರಾಮಿಕ್ ಕೆಪಾಸಿಟರೋ ಇರಬಹುದು, ಅವೆರಡನ್ನೂ ವಿದ್ಯುತ್ ಇಲ್ಲದ ಸ್ಥಿತಿಯಲ್ಲಿ ಓಮ್ ಅಳತೆಯಿಂದ ಪರೀಕ್ಷಿಸಿ.

5 ವೋಲ್ಟ್ ಕೊಟ್ಟು 4.7ರ ಆಸುಪಾಸು ಸಿಕ್ಕರೆ ದಾರಿ ಸರಿಯಿದೆ, ಆದರೆ ಸ್ವಿಚಿಂಗ್ ನಡೆಯುತ್ತಿಲ್ಲ. ಆಗ ಐಸಿಯ ಕಾಲಿನಲ್ಲೇ ಇನ್‌ಪುಟ್ ಅಳೆದು, ಎನೇಬಲ್ (ಐಸಿಯನ್ನು ಚಾಲೂ ಮಾಡುವ) ಮತ್ತು ಪಿಡಬ್ಲ್ಯುಎಂ (ಬ್ರೈಟ್‌ನೆಸ್ ನಿರ್ಧರಿಸುವ) ಸಂಕೇತಗಳು ಬರುತ್ತಿವೆಯೇ ನೋಡಿ. ಬ್ರೈಟ್‌ನೆಸ್ ಸೊನ್ನೆಗೆ ನಿಂತಿದ್ದರೂ ಡ್ರೈವರ್ ಕೆಟ್ಟಂತೆಯೇ ತೋರುತ್ತದೆ.

ನಿಜವಾಗಿ ದಾರಿ ತಪ್ಪಿಸುವುದು ಮೂರನೆಯ ಬಗೆ: ಬೆಳಕು ಒಂದು ಕ್ಷಣ ಮಿಂಚಿ ಆರಿಹೋಗುತ್ತದೆ, ಅಥವಾ ಬೆಳಕೇ ಬಾರದಿದ್ದರೂ ವೋಲ್ಟೇಜ್ ಬೇಕಾದ್ದಕ್ಕಿಂತ ಮೇಲಕ್ಕೆ ಏರುತ್ತದೆ. ಡ್ರೈವರ್ ಸ್ಥಿರವಾಗಿ ಕಾಯ್ದುಕೊಳ್ಳುವುದು ವೋಲ್ಟೇಜನ್ನಲ್ಲ, ಕರೆಂಟನ್ನು. ಎಲ್‌ಇಡಿ ಸಾಲಿನ ಕೊನೆಯಲ್ಲಿರುವ ಸೆನ್ಸ್ ರೆಸಿಸ್ಟರಿನ ಮೇಲೆ ನಿಗದಿತ ವೋಲ್ಟೇಜ್ ಬರುವವರೆಗೂ ಅದು ಔಟ್‌ಪುಟ್ಟನ್ನು ಏರಿಸುತ್ತಲೇ ಹೋಗುತ್ತದೆ. ಸಾಲಿನಲ್ಲಿ ಒಂದೇ ಒಂದು ಎಲ್‌ಇಡಿ ಕಡಿದುಹೋಗಿದ್ದರೂ ಕರೆಂಟ್ ಹರಿಯುವುದಿಲ್ಲ, ಫೀಡ್‌ಬ್ಯಾಕ್ ಸೊನ್ನೆಯಲ್ಲೇ ಉಳಿಯುತ್ತದೆ, ಕೊನೆಗೆ ಅತಿವೋಲ್ಟೇಜ್ ರಕ್ಷಣೆ ಬಂದು ಐಸಿಯನ್ನು ನಿಲ್ಲಿಸುತ್ತದೆ. ಕೆಲವು ಐಸಿಗಳು ಹಾಗೆಯೇ ನಿಂತುಬಿಡುತ್ತವೆ. ಕೆಲವು ಮತ್ತೆ ಮತ್ತೆ ಪ್ರಯತ್ನಿಸುವುದರಿಂದ ಪರದೆ ಮಿಟುಕುತ್ತದೆ. ಇಲ್ಲಿ ಐಸಿ ತನ್ನ ಕರ್ತವ್ಯವನ್ನು ಸರಿಯಾಗಿಯೇ ಮಾಡಿದೆ.

ಇಂಥ ಒಂದು ಪ್ಯಾನೆಲ್ಲನ್ನು ನಾನು ಬೋರ್ಡಿನಿಂದ ಬೇರ್ಪಡಿಸಿ ಪರೀಕ್ಷಿಸಿದ್ದೆ. ಮಲ್ಟಿಮೀಟರಿನ ಡಯೋಡ್ ಪರೀಕ್ಷೆ ಇಡೀ ಸಾಲಿಗೆ ಸಾಲದು, ಹತ್ತು ಎಲ್‌ಇಡಿಗಳಿಗೆ ಸುಮಾರು 30 ವೋಲ್ಟ್ ಬೇಕು. ಬೆಂಚ್ ಸಪ್ಲೈಯಲ್ಲಿ ಕರೆಂಟ್ ಮಿತಿಯನ್ನು 5 ಮಿಲಿಆಂಪಿಯರಿಗೆ ಇಟ್ಟು ವೋಲ್ಟೇಜನ್ನು ನಿಧಾನವಾಗಿ ಏರಿಸಿದಾಗ 32 ದಾಟಿದರೂ ಬೆಳಕಿಲ್ಲ. ಪಟ್ಟಿಯ ಒಂದು ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದೊಡನೆ ಇಡೀ ಸಾಲು ಬೆಳಗಿತು. ಏಳನೆಯ ಎಲ್‌ಇಡಿಯ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಡ್ರೈವರನ್ನೂ ಸಾಲನ್ನೂ ಹೀಗೆ ಬೇರೆ ಬೇರೆಯಾಗಿ ಪರೀಕ್ಷಿಸುವ ಹತ್ತು ನಿಮಿಷಗಳು ಅನೇಕ ಗಂಟೆಗಳ ಊಹೆಯನ್ನು ಉಳಿಸುತ್ತವೆ.

ಬೆಳಕು ಬರುತ್ತಿದೆ, ಆದರೆ ಮಂಕಾಗಿದೆ ಎಂದಾದರೆ ಸೆನ್ಸ್ ರೆಸಿಸ್ಟರಿನ ಮೇಲಿನ ಮಿಲಿವೋಲ್ಟ್ ಅಳೆಯಿರಿ. ಐಸಿಯ ರೆಫರೆನ್ಸ್ (ಈ ರೆಸಿಸ್ಟರಿನ ಮೇಲೆ ಬರಬೇಕಾದ ನಿಗದಿತ ವೋಲ್ಟೇಜ್) 200 ಮಿಲಿವೋಲ್ಟ್, ರೆಸಿಸ್ಟರ್ 10 ಓಮ್ ಆಗಿದ್ದರೆ ಪೂರ್ಣ ಬ್ರೈಟ್‌ನೆಸ್‌ನಲ್ಲಿ 20 ಮಿಲಿಆಂಪಿಯರ್ ಹರಿಯಬೇಕು. ಅಳತೆ ಸರಿಯಾಗಿ 200 ಬಂದರೂ ಬೆಳಕು ಕಡಿಮೆಯಿದ್ದರೆ ರೆಸಿಸ್ಟರಿನ ಬೆಲೆ ಹೆಚ್ಚಾಗಿದೆಯೇ ಅಥವಾ ಎಲ್‌ಇಡಿಗಳೇ ಸವೆದಿವೆಯೇ ನೋಡಬೇಕು. ಅಳತೆಯೇ ಕಡಿಮೆ ಬಂದರೆ ಬೂಸ್ಟ್ ಸರ್ಕೀಟಿಗೆ ಶಕ್ತಿ ಸಾಲುತ್ತಿಲ್ಲ, ಮತ್ತು ಅಲ್ಲಿ ಸಂಶಯ ಮೊದಲು ಇಂಡಕ್ಟರಿನ ಮೇಲೆ ಹೋಗಬೇಕು.

ಇದನ್ನು ಲೆಕ್ಕದಲ್ಲಿ ನೋಡೋಣ. 5 ವೋಲ್ಟಿನಿಂದ 30 ವೋಲ್ಟಿಗೆ ಏರಿಸಲು ಡ್ಯೂಟಿ (ಪ್ರತಿ ಆವರ್ತದಲ್ಲಿ ಸ್ವಿಚ್ ಆನ್ ಇರುವ ಪಾಲು) ಸುಮಾರು 83 ಶೇಕಡ. ಔಟ್‌ಪುಟ್ 0.6 ವ್ಯಾಟ್ (30 ವೋಲ್ಟ್, 20 ಮಿಲಿಆಂಪಿಯರ್), ದಕ್ಷತೆ 80 ಶೇಕಡ ಎಂದುಕೊಂಡರೆ ಇನ್‌ಪುಟ್‌ನಿಂದ ಸರಾಸರಿ 150 ಮಿಲಿಆಂಪಿಯರ್ ಬರಬೇಕು. 22 ಮೈಕ್ರೋಹೆನ್ರಿ ಮತ್ತು 1 ಮೆಗಾಹರ್ಟ್ಸ್‌ನಲ್ಲಿ ಕರೆಂಟಿನ ಏರಿಳಿತ ಸುಮಾರು 190 ಮಿಲಿಆಂಪಿಯರ್ ಆಗುವುದರಿಂದ, ಸರಾಸರಿಗೆ ಅದರ ಅರ್ಧ ಸೇರಿ ಇಂಡಕ್ಟರಿನ ಗರಿಷ್ಠ ಕರೆಂಟ್ 250ರ ಹತ್ತಿರ ಹೋಗುತ್ತದೆ. ಹಿಂದೆ ಯಾರೋ ರಿಪೇರಿ ಮಾಡುವಾಗ ಅದೇ 22 ಮೈಕ್ರೋಹೆನ್ರಿಯ, ಆದರೆ 200 ಮಿಲಿಆಂಪಿಯರಿಗೇ ಸ್ಯಾಚುರೇಟ್ ಆಗುವ (ಅಂದರೆ ಇಂಡಕ್ಟೆನ್ಸ್ ಕುಸಿಯುವ) ಇಂಡಕ್ಟರ್ ಹಾಕಿದ್ದರೆ ಗುರುತು ಸರಿಯಿದ್ದರೂ ಕೆಲಸ ಸರಿಯಿರುವುದಿಲ್ಲ. ಕರೆಂಟ್ ಪ್ರೋಬ್‌ನಲ್ಲಿ ನೋಡಿದರೆ ನೇರವಾಗಿ ಏರಬೇಕಾದ ಗೆರೆ ತುದಿಯಲ್ಲಿ ಥಟ್ಟನೆ ಕಡಿದಾಗಿ ಮೇಲೆದ್ದಿರುತ್ತದೆ.

ಬೆಳಕು ನಡುಗುತ್ತಿದ್ದರೆ ಔಟ್‌ಪುಟ್ ಕೆಪಾಸಿಟರನ್ನೂ ಗಮನಿಸಿ. ಚಿಕ್ಕ ಗಾತ್ರದ ಸೆರಾಮಿಕ್ ಕೆಪಾಸಿಟರ್ 30 ವೋಲ್ಟ್ ಡಿಸಿಯ ಅಡಿಯಲ್ಲಿ ತನ್ನ ಘೋಷಿತ ಬೆಲೆಯ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಳ್ಳಬಹುದು, ಆದ್ದರಿಂದ ವೋಲ್ಟೇಜ್ ರೇಟಿಂಗ್ ಜೊತೆಗೆ ಗಾತ್ರವನ್ನೂ ಮೂಲದಂತೆಯೇ ಇಡಿ. ಆಸಿಲೋಸ್ಕೋಪಿನಲ್ಲಿ ಸ್ವಿಚ್ ನೋಡ್ (ಇಂಡಕ್ಟರ್, ಸ್ವಿಚ್, ಡಯೋಡ್ ಸೇರುವ ಬಿಂದು) ನೋಡುವಾಗ ಪ್ರೋಬಿನ ಉದ್ದನೆಯ ಗ್ರೌಂಡ್ ತಂತಿಯನ್ನು ತೆಗೆದು ಚಿಕ್ಕ ಸ್ಪ್ರಿಂಗ್ ಬಳಸಿ. ಇಲ್ಲವಾದರೆ ಇಲ್ಲದ ರಿಂಗಿಂಗ್ (ಅಲೆಅಲೆಯಾದ ಕಂಪನ) ಕಾಣುತ್ತದೆ.

ರಿಪೇರಿ ಮುಗಿದ ಮೇಲೆ ಪೂರ್ಣ ಬ್ರೈಟ್‌ನೆಸ್‌ನಲ್ಲಿ ಅರ್ಧ ಗಂಟೆ ಓಡಿಸಿ, ಡಯೋಡ್ ಮತ್ತು ಇಂಡಕ್ಟರ್ ಎಷ್ಟು ಬಿಸಿಯಾಗಿವೆ ಎಂದು ನೋಡಿ, ಬಿಸಿಯಾದ ಸ್ಥಿತಿಯಲ್ಲೇ ಸೆನ್ಸ್ ರೆಸಿಸ್ಟರಿನ ಮಿಲಿವೋಲ್ಟನ್ನು ಇನ್ನೊಮ್ಮೆ ಅಳೆಯಿರಿ.