ಅಂಕಿಗಳ ಚೌಕದಲ್ಲಿ ಹುಡುಕಾಟ: ಉತ್ತರ ಸರಿ ಬಂದರೂ ಅಂಚು ನೋಡಿ

ಪ್ರೋಗ್ರಾಮಿಂಗ್ ಕಲಿಯುವಾಗ, ಲೂಪ್ ಬಂತು, ಲಿಸ್ಟ್ ಬಂತು, ಇಫ್ ಬಂತು, ಇನ್ನು ಮುಂದೇನು ಮೇಡಂ ಅಂತ ಮಕ್ಕಳು ಕೇಳುವ ಒಂದು ಹಂತ ಇದೆ. ನನ್ನ ಸಂಜೆ ಕ್ಲಾಸಿಗೆ ಬರುವ ಡಿಪ್ಲೊಮಾ ಮಕ್ಕಳಿಗೆ ಆಗ ನಾನು ಕೊಡುವುದು ಯಾವಾಗಲೂ ಒಂದೇ ಲೆಕ್ಕ. ಪ್ರಾಜೆಕ್ಟ್ ಆಯ್ಲರ್‌ನ 11ನೇ ಲೆಕ್ಕ.

ಪ್ರಾಜೆಕ್ಟ್ ಆಯ್ಲರ್ ಅಂದರೆ ಗಣಿತವೂ ಬೇಕು, ಪ್ರೋಗ್ರಾಮಿಂಗೂ ಬೇಕು ಅನ್ನುವಂಥ ಲೆಕ್ಕಗಳ ವೆಬ್‌ಸೈಟ್. ಕಾಲಿನ್ ಹ್ಯೂಸ್ ಎಂಬುವರು 2001ರಲ್ಲಿ ಶುರು ಮಾಡಿದ್ದು. ಯಾವ ಭಾಷೆಯಲ್ಲಿ ಬೇಕಾದರೂ ಬಿಡಿಸಬಹುದು. ಕೊನೆಗೆ ಬಂದ ಒಂದು ಸಂಖ್ಯೆಯನ್ನು ಹಾಕಿದರೆ ಸರಿಯೋ ತಪ್ಪೋ ಅಂತ ಹೇಳುತ್ತದೆ, ಅಷ್ಟೇ. 11ನೇ ಲೆಕ್ಕದಲ್ಲಿ 20 ಅಡ್ಡಸಾಲು, 20 ಕಂಬಸಾಲು ಇರುವ ಒಂದು ಚೌಕ ಕೊಟ್ಟಿದ್ದಾರೆ. ಒಟ್ಟು 400 ಸಂಖ್ಯೆಗಳು, ಎಲ್ಲವೂ ಎರಡಂಕಿಯಲ್ಲಿ ಬರೆದವು. ಒಂದೇ ಗೆರೆಯಲ್ಲಿ ಒತ್ತಾಗಿ ಬರುವ ನಾಲ್ಕು ಸಂಖ್ಯೆಗಳನ್ನು ಗುಣಿಸಬೇಕು. ಗೆರೆ ಅಡ್ಡಕ್ಕಿರಬಹುದು, ಮೇಲಿಂದ ಕೆಳಕ್ಕಿರಬಹುದು, ಓರೆಯಾಗಿಯೂ ಇರಬಹುದು. ಹೀಗೆ ಬರುವ ಗುಣಲಬ್ಧಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಎಷ್ಟು? ಪೇಪರಿನ ಮಕ್ಕಳ ಪುಟದಲ್ಲಿ ಅಕ್ಷರಗಳ ಚೌಕದೊಳಗೆ ಪದ ಹುಡುಕುವ ಆಟ ಬರುತ್ತದಲ್ವಾ, ಕಣ್ಣು ಓಡಿಸಬೇಕಾದ ರೀತಿ ಅದೇ.

ಇದರ ಉತ್ತರವನ್ನು ನಾನು ಇಲ್ಲಿ ಬರೆಯುವುದಿಲ್ಲ. ಉತ್ತರ ಹಂಚಬೇಡಿ ಅಂತ ಅಲ್ಲಿಯವರು ಕೇಳಿಕೊಂಡಿದ್ದಾರೆ. ಮೊದಲ ನೂರು ಲೆಕ್ಕಗಳ ವಿಷಯದಲ್ಲಿ ವಿಧಾನ ಕಲಿಸುವುದಕ್ಕೆ ಅಡ್ಡಿಯಿಲ್ಲ ಅಂತಲೂ ಹೇಳಿದ್ದಾರೆ. ನನಗೆ ಬೇಕಾದ್ದೂ ಅದೇ.

ಕಂಪ್ಯೂಟರ್ ಪಕ್ಕಕ್ಕಿಡಿ. ಚೌಕದ ಗೆರೆ ಇರುವ ಲೆಕ್ಕದ ಪುಸ್ತಕ ತೆಗೆದುಕೊಳ್ಳಿ. 400 ಸಂಖ್ಯೆಗಳ ಮೇಲೆ ಕೈಯಲ್ಲಿ ಲೆಕ್ಕ ಮಾಡಲು ಆಗುವುದಿಲ್ಲ, ಅದಕ್ಕೆ ಚಿಕ್ಕದೊಂದು ಚೌಕ ಮಾಡಿಕೊಳ್ಳೋಣ. ನಾಲ್ಕು ಸಾಲು, ನಾಲ್ಕು ಕಂಬ. ನಾಲ್ಕರ ಬದಲು ಮೂರು ಸಂಖ್ಯೆ ಗುಣಿಸೋಣ.

3 7 2 8
5 1 9 4
6 8 3 2
7 2 5 1

ಮೊದಲು ಅಡ್ಡಕ್ಕೆ. ಮೊದಲ ಸಾಲಿನಲ್ಲಿ 3×7×2 ಒಂದು, 7×2×8 ಇನ್ನೊಂದು. ಸಾಲಿಗೆ ಎರಡರಂತೆ ಒಟ್ಟು ಎಂಟು. ಅವುಗಳಲ್ಲಿ ದೊಡ್ಡದು 6×8×3, ಅಂದರೆ 144. ಮೇಲಿಂದ ಕೆಳಕ್ಕೂ ಎಂಟು. ಅಲ್ಲಿ ದೊಡ್ಡದು ಮೊದಲ ಕಂಬದ 5×6×7, ಅಂದರೆ 210. ಬಲಕ್ಕೆ ಇಳಿಯುವ ಓರೆ ನಾಲ್ಕೇ ಸಿಗುತ್ತವೆ. ದೊಡ್ಡದು 5×8×5, ಅಂದರೆ 200. ಎಡಕ್ಕೆ ಇಳಿಯುವ ಓರೆಯೂ ನಾಲ್ಕು. ಬಲ ಮೇಲ್ಮೂಲೆಯ 8ರಿಂದ ಹೊರಟರೆ 8×9×8, ಅಂದರೆ 576. ಇದೇ ಉತ್ತರ. ಎಡಕ್ಕೆ ಇಳಿಯುವ ಓರೆಯನ್ನು ಮರೆತವರಿಗೆ 210 ಬರುತ್ತದೆ. ಓರೆ ಅಂದ ತಕ್ಷಣ ಎಡ ಮೇಲ್ಮೂಲೆಯಿಂದ ಬಲ ಕೆಳಮೂಲೆಗೆ ಹೋಗುವ ಒಂದೇ ಗೆರೆ ನೆನಪಾಗುವವರು ಜಾಸ್ತಿ. ಅದಕ್ಕೇ ಈ ಚೌಕವನ್ನು ಹೀಗೆ ಜೋಡಿಸಿದ್ದೇನೆ.

ಎಂಟು, ಎಂಟು, ನಾಲ್ಕು, ನಾಲ್ಕು. ಒಟ್ಟು 24 ಗುಣಾಕಾರ. ಈ 24ನ್ನು ಪುಸ್ತಕದ ಅಂಚಿನಲ್ಲಿ ಬರೆದಿಡಿ, ಮುಂದೆ ಬೇಕಾಗುತ್ತದೆ.

ದಿಕ್ಕು ಎಂಟಿದೆಯಲ್ಲ, ನಾಲ್ಕೇ ಯಾಕೆ ಅಂತ ಕೇಳಬಹುದು. ಎಡದಿಂದ ಬಲಕ್ಕೆ ಗುಣಿಸಿದರೂ ಬಲದಿಂದ ಎಡಕ್ಕೆ ಗುಣಿಸಿದರೂ ಗುಣಲಬ್ಧ ಒಂದೇ. ಹಾಗಾಗಿ ಒಂದು ಗೆರೆಯನ್ನು ಒಂದು ಸಲ ನೋಡಿದರೆ ಸಾಕು. ಬಲಕ್ಕೆ, ಕೆಳಕ್ಕೆ, ಬಲಗಡೆ ಓರೆಗೆ, ಎಡಗಡೆ ಓರೆಗೆ.

ಇನ್ನು ಸಂಖ್ಯೆಗಳನ್ನು ಪ್ರೋಗ್ರಾಮಿನೊಳಗೆ ತರುವ ಕೆಲಸ. ಆಯ್ಲರ್ ಚೌಕದ ಮೊದಲ ಸಾಲು 08 02 22 97 ಅಂತ ಶುರುವಾಗುತ್ತದೆ. ಇದನ್ನು ಹಾಗೇ ಕಾಪಿ ಮಾಡಿ, ನಡುವೆ ಅಲ್ಪವಿರಾಮ ಹಾಕಿ ಲಿಸ್ಟ್ ಮಾಡಿದರೆ ಪೈಥಾನ್ 3 ಮೊದಲ ಸಂಖ್ಯೆಗೇ ತಕರಾರು ತೆಗೆಯುತ್ತದೆ. ಮುಂದೆ ಸೊನ್ನೆ ಇಟ್ಟು ಸಂಖ್ಯೆ ಬರೆಯುವುದನ್ನು ಅದು ಒಪ್ಪುವುದಿಲ್ಲ. ಸಿ ಭಾಷೆಯಲ್ಲಿ ಮುಂದೆ ಸೊನ್ನೆ ಇದ್ದರೆ ಅದು ಎಂಟರ ಮೂಲದ ಸಂಖ್ಯೆ ಅಂತ ಅರ್ಥ. ಆ ಪದ್ಧತಿಯಲ್ಲಿ 8 ಅನ್ನುವ ಅಂಕಿಯೇ ಇಲ್ಲ, ಹಾಗಾಗಿ 08 ಅಲ್ಲೂ ತಪ್ಪು. ಒಂದೊಂದೇ ಸೊನ್ನೆ ಅಳಿಸುತ್ತಾ ಕೂರಬೇಡಿ. ಇಡೀ ಚೌಕವನ್ನು ಪಠ್ಯವಾಗಿ, ಅಂದರೆ ಸ್ಟ್ರಿಂಗ್ ಆಗಿ ಇಟ್ಟುಕೊಳ್ಳಿ. ಸಾಲು ಸಾಲಾಗಿ ಒಡೆಯಿರಿ, ಪ್ರತಿ ಸಾಲನ್ನು ಖಾಲಿ ಜಾಗ ಇರುವಲ್ಲಿ ಒಡೆಯಿರಿ, ಪ್ರತಿ ತುಂಡನ್ನೂ ಪೂರ್ಣಾಂಕ ಮಾಡಿ. ಪೈಥಾನಿನಲ್ಲಿ "08" ಎಂಬ ಪಠ್ಯವನ್ನು ಪೂರ್ಣಾಂಕ ಮಾಡಿದರೆ 8 ಬರುತ್ತದೆ, ಏನೂ ತೊಂದರೆ ಇಲ್ಲ. ಆಮೇಲೆ 20 ಸಾಲು ಬಂತಾ, ಪ್ರತಿ ಸಾಲಿನಲ್ಲೂ 20 ಇದೆಯಾ ಅಂತ ಪ್ರಿಂಟ್ ಮಾಡಿ ನೋಡಿ. ಕಾಪಿ ಮಾಡುವಾಗ ಕೊನೆ ಸಾಲು ಬಿಟ್ಟುಹೋಗುವುದು ತೀರಾ ಸಾಮಾನ್ಯ.

ಈಗ ಹುಡುಕಾಟ. ಮೊದಲ ಸಲ ಬರೆಯುವವರು ಅಡ್ಡಕ್ಕೊಂದು ಲೂಪ್, ಉದ್ದಕ್ಕೊಂದು ಲೂಪ್, ಓರೆಗೆ ಎರಡು ಲೂಪ್ ಬರೆಯುತ್ತಾರೆ. ತಪ್ಪೇನಲ್ಲ. ಆದರೆ ಒಂದನ್ನು ಕಾಪಿ ಮಾಡಿ ಇನ್ನೊಂದು ಮಾಡುವಾಗ ಎಲ್ಲೋ ಒಂದು ಕೂಡುವ ಚಿಹ್ನೆ ಕಳೆಯುವ ಚಿಹ್ನೆ ಆಗದೆ ಉಳಿಯುತ್ತದೆ, ಅದನ್ನು ಹುಡುಕಲು ಅರ್ಧ ಗಂಟೆ ಹೋಗುತ್ತದೆ. ದಿಕ್ಕನ್ನೇ ಒಂದು ಜೋಡಿ ಸಂಖ್ಯೆಯಾಗಿ ಬರೆದುಬಿಡಿ. ಜೋಡಿಯಲ್ಲಿ ಮೊದಲನೆಯದು ಸಾಲು ಎಷ್ಟು ಬದಲಾಗುತ್ತದೆ ಅನ್ನುವುದು, ಎರಡನೆಯದು ಕಂಬ ಎಷ್ಟು ಬದಲಾಗುತ್ತದೆ ಅನ್ನುವುದು. ಬಲಕ್ಕೆ ಅಂದರೆ (0, 1). ಕೆಳಕ್ಕೆ (1, 0). ಬಲಗಡೆ ಓರೆ (1, 1). ಎಡಗಡೆ ಓರೆ (1, -1). ನಾಲ್ಕೂ ದಿಕ್ಕಿಗೆ ಒಂದೇ ಕೋಡ್ ಸಾಕಾಗುತ್ತದೆ.

ಹಂತಗಳನ್ನು ಕನ್ನಡದಲ್ಲೇ ಬರೆದಿದ್ದೇನೆ, ನಿಮ್ಮ ಭಾಷೆಗೆ ನೀವು ಇಳಿಸಿಕೊಳ್ಳಿ. ಪೈಥಾನ್ 3ರಲ್ಲಾದರೆ ವೇರಿಯಬಲ್ ಹೆಸರುಗಳನ್ನು ಹೀಗೆ ಕನ್ನಡದಲ್ಲೇ ಇಡಬಹುದು, ನಡೆಯುತ್ತದೆ.

ದೊಡ್ಡದು = 0, ಎಣಿಕೆ = 0
ಸಾಲು 0ರಿಂದ 19ರವರೆಗೆ, ಒಂದೊಂದಾಗಿ:
— ಕಂಬ 0ರಿಂದ 19ರವರೆಗೆ, ಒಂದೊಂದಾಗಿ:
—— ನಾಲ್ಕು ದಿಕ್ಕುಗಳಲ್ಲಿ ಪ್ರತಿ (ಸಾ, ಕಂ) ಜೋಡಿಗೆ:
——— ಕೊನೆಸಾಲು = ಸಾಲು + 3 × ಸಾ
——— ಕೊನೆಕಂಬ = ಕಂಬ + 3 × ಕಂ
——— ಇವೆರಡರಲ್ಲಿ ಯಾವುದಾದರೂ 0ಗಿಂತ ಕಡಿಮೆ ಅಥವಾ 19ಕ್ಕಿಂತ ಜಾಸ್ತಿ ಇದ್ದರೆ ಈ ದಿಕ್ಕು ಬಿಡಿ
——— ಎಣಿಕೆಗೆ 1 ಸೇರಿಸಿ, ಗುಣ = 1
——— ಹೆಜ್ಜೆ 0, 1, 2, 3ಕ್ಕೆ: ಗುಣ = ಗುಣ × ಚೌಕ[ಸಾಲು + ಹೆಜ್ಜೆ × ಸಾ][ಕಂಬ + ಹೆಜ್ಜೆ × ಕಂ]
——— ಗುಣ ದೊಡ್ಡದಕ್ಕಿಂತ ಹೆಚ್ಚಿದ್ದರೆ, ದೊಡ್ಡದು = ಗುಣ

3ರಿಂದ ಯಾಕೆ ಗುಣಿಸಿದ್ದು? ನಾಲ್ಕು ಮನೆ ದಾಟಲು ಮೊದಲ ಮನೆಯಿಂದ ಮೂರು ಹೆಜ್ಜೆ ಸಾಕು. ಕೊನೆಯ ಮನೆಯನ್ನು ಮಾತ್ರ ಪರೀಕ್ಷೆ ಮಾಡುವುದು ಯಾಕೆಂದರೆ, ನೇರ ಗೆರೆಯ ಎರಡು ತುದಿಯೂ ಚೌಕದೊಳಗಿದ್ದ ಮೇಲೆ ನಡುವಿನವು ಹೊರಗೆ ಹೋಗಲು ಸಾಧ್ಯವಿಲ್ಲ.

ಈ ಲೆಕ್ಕವನ್ನು ನಾನು ಇಷ್ಟಪಡುವುದು ಆ ಪರೀಕ್ಷೆಯ ಸಾಲಿಗಾಗಿ. ಅದನ್ನು ಪೂರ್ತಿ ಬರೆಯದಿದ್ದರೆ ಏನಾಗುತ್ತದೆ ನೋಡಿ. ಲಿಸ್ಟಿನ ಸ್ಥಾನವನ್ನು, ಅಂದರೆ ಇಂಡೆಕ್ಸನ್ನು, ಸೊನ್ನೆಯಿಂದ ಎಣಿಸುವುದರಿಂದ ಕೊನೆಯದು 19. ಪೈಥಾನಿನಲ್ಲಿ 20ನೇ ಇಂಡೆಕ್ಸ್ ಕೇಳಿದರೆ ಇಂಡೆಕ್ಸ್ ಎರರ್ ಬರುತ್ತದೆ, ಒಳ್ಳೆಯದೇ, ತಪ್ಪು ಕಣ್ಣಿಗೆ ಬಿತ್ತು. ಆದರೆ -1 ಕೇಳಿದರೆ ಎರರ್ ಬರುವುದಿಲ್ಲ. ಪೈಥಾನಿನಲ್ಲಿ -1 ಅಂದರೆ ಲಿಸ್ಟಿನ ಕೊನೆಯದು. ಎಡಗಡೆ ಓರೆಯಲ್ಲಿ ಹೋಗುತ್ತಾ ಎಡ ಅಂಚು ದಾಟಿದರೆ, ಪ್ರೋಗ್ರಾಮ್ ಸುಮ್ನೆ ಬಲ ಅಂಚಿನ ಸಂಖ್ಯೆ ತಂದು ಗುಣಿಸುತ್ತದೆ. ಸಿಯಲ್ಲಿ ಇನ್ನೊಂದು ಥರ. ಅಲ್ಲಿ ಸಾಲುಗಳು ಮೆಮೊರಿಯಲ್ಲಿ ಒಂದರ ಹಿಂದೆ ಒಂದು ಕೂತಿರುತ್ತವೆ. ಬಲ ಅಂಚು ದಾಟಿದರೆ ಮುಂದಿನ ಸಾಲಿನ ಮೊದಲ ಸಂಖ್ಯೆ ಕೈಗೆ ಬರುವುದೇ ಹೆಚ್ಚು. ಜಾವಾ ಮಾತ್ರ ಎರಡೂ ಕಡೆ ನಿಲ್ಲಿಸಿ ಹೇಳುತ್ತದೆ.

ಪ್ರೋಗ್ರಾಮನ್ನು ಮೊದಲು ನಮ್ಮ ಚಿಕ್ಕ ಚೌಕದ ಮೇಲೆ ಓಡಿಸಿ ನೋಡಬೇಕು. 19 ಇದ್ದಲ್ಲಿ 3, 3ರಿಂದ ಗುಣಿಸಿದಲ್ಲಿ 2, ಹೆಜ್ಜೆ 0, 1, 2 ಮಾತ್ರ. ಹಾಗೆ ಓಡಿಸಿದ ಒಬ್ಬ ಹುಡುಗಿ "ಮೇಡಂ, 576 ಬಂತು" ಅಂತ ಖುಷಿಯಿಂದ ಪುಸ್ತಕ, ಸ್ಕ್ರೀನ್ ಎರಡೂ ತೋರಿಸಿದಳು. ಉತ್ತರ ಸರಿ. ಎಣಿಕೆ ಪ್ರಿಂಟ್ ಮಾಡಮ್ಮ ಅಂದೆ. 28 ಬಂತು. ನಾವು ಕೈಯಲ್ಲಿ ಎಣಿಸಿದ್ದು 24. ಅವಳು 3ಕ್ಕಿಂತ ಜಾಸ್ತಿಯಾಯಿತಾ ಅಂತ ಮಾತ್ರ ನೋಡಿದ್ದಳು, 0ಗಿಂತ ಕಡಿಮೆಯಾಯಿತಾ ಅಂತ ನೋಡಿರಲಿಲ್ಲ. ಇಲ್ಲದ ನಾಲ್ಕು ಗೆರೆಗಳನ್ನು ಪ್ರೋಗ್ರಾಮ್ ಸುತ್ತಿ ಬಂದಿತ್ತು. ಆ ನಾಲ್ಕರ ಗುಣಲಬ್ಧ 36, 70, 50, 6. ಎಲ್ಲವೂ ಚಿಕ್ಕವು, ಅದಕ್ಕೆ ಉತ್ತರ ಕೆಡಲಿಲ್ಲ.

ಹಾಗಾಗಿ ತಪ್ಪನ್ನು ಹೊರಗೆ ಎಳೆಯುವಂಥ ಚೌಕವನ್ನು ನಾವೇ ಮಾಡಿಕೊಳ್ಳಬೇಕು. ಇದನ್ನು ನೋಡಿ:

1 9 1 1
9 1 1 1
1 1 1 9
1 1 1 1

ಇಲ್ಲಿ ಮೂರು ಸಂಖ್ಯೆಗಳ ದೊಡ್ಡ ಗುಣಲಬ್ಧ 81. ಮೊದಲ ಸಾಲಿನ 9ರಿಂದ ಬಲಕ್ಕೆ ಓರೆಯಾಗಿ ಇಳಿದರೆ 9, 1, 9. ಎಡ ಅಂಚು ನೋಡದ ಪೈಥಾನ್ ಪ್ರೋಗ್ರಾಮ್ ಅದೇ 9ರಿಂದ ಎಡಕ್ಕೆ ಇಳಿದು, ಎರಡನೇ ಸಾಲಿನ 9 ದಾಟಿ, ಮೂರನೇ ಸಾಲಿನ ಬಲತುದಿಯ 9ಕ್ಕೆ ಹಾರಿ, 729 ಅನ್ನುತ್ತದೆ. ಸಿಯಲ್ಲಿ ಬರೆಯುವವರು ಮೊದಲ ಸಾಲಿನ ಕೊನೆಯ ಎರಡು ಮನೆಗೆ ಮತ್ತು ಎರಡನೇ ಸಾಲಿನ ಮೊದಲ ಮನೆಗೆ 9 ಹಾಕಿ, ಉಳಿದ ಕಡೆ 1 ಹಾಕಿ ನೋಡಿ. ಅಲ್ಲೂ ಸರಿಯಾದ ಉತ್ತರ 81.

ಇಷ್ಟು ಪಾಸಾದ ಮೇಲೆ 20ರ ಚೌಕಕ್ಕೆ ಹೋಗಿ. ಅಲ್ಲಿನ ಎಣಿಕೆಯನ್ನೂ ಮೊದಲೇ ಲೆಕ್ಕ ಹಾಕಬಹುದು. ಒಂದು ಸಾಲಿನಲ್ಲಿ ನಾಲ್ಕರ ಗುಂಪು 17 ಕಡೆ ಶುರುವಾಗಬಹುದು. ಅಡ್ಡಕ್ಕೆ 20×17, ಅಂದರೆ 340. ಕೆಳಕ್ಕೂ 340. ಓರೆ ಒಂದೊಂದು ಕಡೆಗೆ 17×17, ಅಂದರೆ 289. ಒಟ್ಟು 1258. ನಿಮಗೆ 1156 ಬಂದಿದ್ದರೆ ಎರಡೂ ಲೂಪನ್ನು 17ಕ್ಕೇ ನಿಲ್ಲಿಸಿದ್ದೀರಿ ಅಂತ ಅರ್ಥ. ಕೊನೆಯ ಮೂರು ಸಾಲಿನ ಅಡ್ಡ ಗುಂಪುಗಳೂ ಕೊನೆಯ ಮೂರು ಕಂಬದ ಉದ್ದ ಗುಂಪುಗಳೂ ಬಿಟ್ಟುಹೋಗಿವೆ. ಎಡಗಡೆ ಓರೆ ಶುರುವಾಗಬೇಕಾದ್ದು 3ನೇ ಕಂಬದಿಂದ, ನಿಮ್ಮದು 0ಯಿಂದ ಶುರುವಾಗಿದೆ.

ಇನ್ನೊಂದು ಪರೀಕ್ಷೆಯನ್ನು ಲೆಕ್ಕ ಕೊಟ್ಟವರೇ ಕೊಟ್ಟಿದ್ದಾರೆ. ಚೌಕದಲ್ಲಿ ನಾಲ್ಕು ಸಂಖ್ಯೆಗಳು ಕೆಂಪು ಬಣ್ಣದಲ್ಲಿವೆ: 26, 63, 78, 14. ಗುಣಲಬ್ಧ 1788696. ಸೊನ್ನೆಯಿಂದ ಎಣಿಸಿದರೆ ಈ ಓರೆ 6ನೇ ಸಾಲು, 8ನೇ ಕಂಬದಿಂದ ಹೊರಡುತ್ತದೆ. ಆ ಮನೆಗೆ (1, 1) ದಿಕ್ಕಿನ ಗುಣಲಬ್ಧವನ್ನು ಮಾತ್ರ ಪ್ರಿಂಟ್ ಮಾಡಿ. ಬೇರೆ ಸಂಖ್ಯೆ ಬಂದರೆ ಸಾಲು ಕಂಬ ಅದಲುಬದಲಾಗಿದೆ, ಇಲ್ಲವೇ ಓದುವಾಗ ಯಾವುದೋ ಸಂಖ್ಯೆ ತಪ್ಪಿಹೋಗಿದೆ.

ವೇಗದ ಚಿಂತೆ ಬೇಡ. 1258 ಗುಂಪು ಅಂದರೆ ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ಕೆಲಸ. ಗುಂಪು ಒಂದು ಮನೆ ಮುಂದೆ ಸರಿದಾಗ, ಹಳೇ ಗುಣಲಬ್ಧವನ್ನು ಬಿಟ್ಟುಹೋದ ಸಂಖ್ಯೆಯಿಂದ ಭಾಗಿಸಿ, ಹೊಸದರಿಂದ ಗುಣಿಸಿದರೆ ಕೆಲಸ ಕಡಿಮೆಯಾಗುತ್ತದೆ ಅಂತ ಚುರುಕು ಹುಡುಗರು ಹೇಳುತ್ತಾರೆ. ಯೋಚನೆ ಚೆನ್ನಾಗಿದೆ, ಆದರೆ ಚೌಕದಲ್ಲಿ 00 ಇದೆ, ಮೊದಲ ಸಾಲಿನಲ್ಲೇ ಇದೆ. ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಗುಣಲಬ್ಧ ತೀರಾ ದೊಡ್ಡದಾಗಿ ಸಿಯ ಪೂರ್ಣಾಂಕದಲ್ಲಿ ಹಿಡಿಸದೇ ಹೋಗುತ್ತದಾ ಅನ್ನುವ ಭಯವೂ ಬೇಡ. ನಾಲ್ಕೂ 99 ಆದರೂ 96059601, ಅದು 32 ಬಿಟ್‌ನಲ್ಲಿ ಆರಾಮಾಗಿ ಕೂರುತ್ತದೆ.

ಉತ್ತರ ಸಿಕ್ಕ ಮೇಲೆ ಪ್ರೋಗ್ರಾಮನ್ನು ಸ್ವಲ್ಪ ಬದಲಿಸಿ. ದೊಡ್ಡ ಗುಣಲಬ್ಧದ ಜೊತೆ ಅದು ಶುರುವಾದ ಸಾಲು, ಕಂಬ, ದಿಕ್ಕನ್ನೂ ನೆನಪಿಟ್ಟುಕೊಳ್ಳುವಂತೆ ಮಾಡಿ, ಆಮೇಲೆ ಆ ನಾಲ್ಕು ಸಂಖ್ಯೆಯನ್ನು ಚೌಕದಲ್ಲಿ ಕಣ್ಣಾರೆ ಹುಡುಕಿ. ನಾಲ್ಕರ ಬದಲು ಐದು ಮಾಡಿ. 20 ಮತ್ತು 4 ಎರಡಕ್ಕೂ ಮೊದಲೇ ಹೆಸರು ಕೊಟ್ಟಿದ್ದರೆ ಒಂದೇ ಕಡೆ ತಿದ್ದಿದರೆ ಸಾಕು. ಇದಾದ ಮೇಲೆ, ಡಿಸೆಂಬರಿನಲ್ಲಿ ದಿನಕ್ಕೊಂದು ಪ್ರೋಗ್ರಾಮಿಂಗ್ ಲೆಕ್ಕ ಕೊಡುವ ಅಡ್ವೆಂಟ್ ಆಫ್ ಕೋಡ್ ವೆಬ್‌ಸೈಟಿನ 2024ರ ನಾಲ್ಕನೇ ದಿನದ ಲೆಕ್ಕ ತೆಗೆದುಕೊಳ್ಳಿ. ಅಲ್ಲಿ ಸಂಖ್ಯೆಗಳ ಬದಲು ಅಕ್ಷರಗಳ ಚೌಕ, ಹುಡುಕಬೇಕಾದ್ದು ನಾಲ್ಕಕ್ಷರದ ಒಂದು ಪದ. ಪದ ಹಿಂದುಮುಂದಾಗಿಯೂ ಬರೆದಿರಬಹುದು, ಹಾಗಾಗಿ ಅಲ್ಲಿ ಎಂಟೂ ದಿಕ್ಕು ಬೇಕು. ನಿಮ್ಮ ದಿಕ್ಕುಗಳ ಪಟ್ಟಿಗೆ ಇನ್ನು ನಾಲ್ಕು ಜೋಡಿ ಸೇರಿಸಿ, ಗುಣಿಸುವ ಕಡೆ ಅಕ್ಷರ ಹೋಲಿಸಿ. ಅಂಚಿನ ಪರೀಕ್ಷೆ ಬರೆದ ಸಾಲನ್ನು ಮುಟ್ಟಬೇಕಾಗಿಲ್ಲ, ಚೌಕದ ಅಳತೆ ಬದಲಿಸಿದರೆ ಸಾಕು.