ಕತ್ತರಿ ಮುಟ್ಟದ ಬಟ್ಟೆ: ಪೆರುವಿನ ಹಳೆಯ ನೇಯ್ಗೆಯನ್ನು ನಾನು ಕಲಿತ ಬಗೆ

ನಾಲ್ಕೂ ಕಡೆ ಅಂಚಿರುವ ಬಟ್ಟೆ ನೋಡಿದ್ದೀರಾ? ನಮ್ಮ ಸೀರೆಗೆ, ಪಂಚೆಗೆ ನೇಯ್ದ ಅಂಚು ಇರುವುದು ಎರಡೇ ಕಡೆ. ಉಳಿದೆರಡು ತುದಿಯಲ್ಲಿ ಹಾಸಿನ ಎಳೆ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆ, ಕತ್ತರಿಸಿ ಮಗ್ಗದಿಂದ ಇಳಿಸುತ್ತೇವೆ. ಆಮೇಲೆ ಕುಚ್ಚು ಕಟ್ಟುತ್ತೇವೆ, ಇಲ್ಲವೇ ಮಡಚಿ ಹೊಲಿಯುತ್ತೇವೆ. ಪೆರುವಿನ ಹಳೆಯ ನೇಕಾರರು ಹಾಗೆ ಮಾಡುತ್ತಿರಲಿಲ್ಲ. ಕೊಲಂಬಸ್ 1492ರಲ್ಲಿ ಆ ಕಡೆ ಹೋಗುವುದಕ್ಕೆ ಎಷ್ಟೋ ಶತಮಾನ ಮೊದಲೇ ಅವರು ನಾಲ್ಕೂ ಕಡೆ ಅಂಚು ಬರುವಂತೆ ನೇಯುತ್ತಿದ್ದರು. ಬಟ್ಟೆ ಮಗ್ಗದಿಂದ ಇಳಿದಾಗಲೇ ಪೂರ್ತಿ ಆಗಿರುತ್ತಿತ್ತು.

ನಾನು ಇಳಕಲ್ ಸೀರೆ ನೇಯುವ ಮನೆಯವಳು. ಗಂಡನ ಕೆಲಸದ ಮೇಲೆ ಕೆಲವು ವರ್ಷ ಲಿಮಾದಲ್ಲಿದ್ದೆ. ಅಲ್ಲಿನ ವಸ್ತುಸಂಗ್ರಹಾಲಯಗಳಲ್ಲಿ ಪರಾಕಾಸ್ ಬಟ್ಟೆಗಳ ಮುಂದೆ ಗಂಟೆಗಟ್ಟಲೆ ನಿಂತಿದ್ದೇನೆ. ಪರಾಕಾಸ್ ಎನ್ನುವುದು ಲಿಮಾದ ದಕ್ಷಿಣಕ್ಕೆ, ಸಮುದ್ರದ ಪಕ್ಕದ ಮರಳುಗಾಡು. 1927ರಲ್ಲಿ ಪೆರುವಿನ ಪುರಾತತ್ವಜ್ಞ ಹೂಲಿಯೊ ತೆಯೊ ಅವರ ತಂಡಕ್ಕೆ ಅಲ್ಲಿ 429 ಶವದ ಗಂಟುಗಳು ಸಿಕ್ಕವು. ದೊಡ್ಡ ಸ್ಥಾನದವರ ಗಂಟುಗಳಲ್ಲಿ ಹೊದಿಕೆಯ ಮೇಲೆ ಹೊದಿಕೆ ಸುತ್ತಿದ್ದರು. ಮಳೆಯೇ ಇಲ್ಲದ ಜಾಗ, ಒಣ ಮರಳು. ಹಾಗಾಗಿ ಎರಡು ಸಾವಿರ ವರ್ಷದ ಉಣ್ಣೆಯ ಕೆಂಪು ಇನ್ನೂ ಕೆಂಪಾಗೇ ಇದೆ. ಬಂದವರೆಲ್ಲ ಕಸೂತಿಯ ಹಾರುವ ಮನುಷ್ಯರನ್ನು ನೋಡುತ್ತಾರೆ. ನನ್ನ ಕಣ್ಣು ಮಾತ್ರ ತುದಿಗೇ ಹೋಗುತ್ತಿತ್ತು. ಹಾಸು ಅಲ್ಲಿ ಕಡಿದಿರಲಿಲ್ಲ. ಒಂದೊಂದು ಎಳೆಯೂ ತುದಿಗೆ ಬಂದು, ತಿರುಗಿ ವಾಪಸ್ ಹೋಗಿತ್ತು. ಇದನ್ನು ಕೈಯಲ್ಲಿ ಮಾಡಿ ನೋಡದೆ ಬಿಡಬಾರದು ಅನ್ನಿಸಿತು.

ಮಗ್ಗ ಅಂದರೆ ಅಲ್ಲಿ ನಾಲ್ಕಾರು ಕೋಲು, ಒಂದು ಸೊಂಟಪಟ್ಟಿ, ಅಷ್ಟೇ. ಒಂದು ಕೋಲನ್ನು ಕಂಬಕ್ಕೆ ಕಟ್ಟುತ್ತಾರೆ. ಇನ್ನೊಂದು ಕೋಲು ನೇಯುವವರ ಸೊಂಟದ ಪಟ್ಟಿಗೆ. ಹಿಂದಕ್ಕೆ ವಾಲಿದರೆ ಹಾಸು ಬಿಗಿ, ಮುಂದಕ್ಕೆ ಬಾಗಿದರೆ ಸಡಿಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್‌ನಲ್ಲಿರುವ ಮೋಚೆ ಎನ್ನುವ ಪೆರುವಿನ ಹಳೆಯ ಜನರ ಕಾಲದ ಒಂದು ಮಣ್ಣಿನ ಪಾತ್ರೆಯ ಮೇಲೆ ಹೆಂಗಸರು ಹೀಗೇ ಕೂತು ನೇಯುವ ಚಿತ್ರ ಇದೆ. ನಾಗಾಲ್ಯಾಂಡಿನಲ್ಲಿ ಇಂದಿಗೂ ಇದೇ ಬಗೆಯ ಸೊಂಟದ ಮಗ್ಗದಲ್ಲಿ ಶಾಲು ನೇಯುತ್ತಾರೆ. ನಾನು ನಮ್ಮೂರಿಗೆ ಬಂದ ಮೇಲೆ ಕಿಟಕಿಯ ಸರಳಿಗೆ ಕೋಲು ಕಟ್ಟಿ ಕೂತೆ. ಹೊಕ್ಕು, ಅಂದರೆ ಅಡ್ಡ ಎಳೆ, ಬಡಿಯುವುದಕ್ಕೆ ಹುಣಸೆ ಮರದ ಒಂದು ನುಣುಪಾದ ಪಟ್ಟಿಯನ್ನು ಬಡಗಿಯಿಂದ ಮಾಡಿಸಿಕೊಂಡೆ. ಪೆರುವಿನ ಬೆಟ್ಟದ ಮೇಲಿನ ಊರು ಕುಸ್ಕೊ ಹತ್ತಿರದ ಚಿಂಚೆರೊದಲ್ಲಿ ಇದರ ಜೊತೆಗೆ ಲಾಮಾ ಮೂಳೆಯ ಚೂಪಾದ ಸಾಧನವೊಂದನ್ನು ಬಳಸುತ್ತಾರೆ. ಅದಕ್ಕೆ ವಿಚುನ್ಯಾ ಅನ್ನುತ್ತಾರೆ. ಎಳೆಗಳನ್ನು ಸಮ ಅಂತರದಲ್ಲಿ ಹಿಡಿಯುವ ಹಣಿಗೆ ಇಲ್ಲ. ಹಾಗಾಗಿ ಅಗಲ ಕಾಯುವುದು ಪೂರ್ತಿ ಕಣ್ಣಿನ ಕೆಲಸ.

ನೂಲಿನ ವಿಷಯ ಮೊದಲು ಹೇಳಬೇಕು. ಅದು ಸರಿ ಇಲ್ಲದಿದ್ದರೆ ಮುಂದಿನದು ಯಾವುದೂ ಆಗುವುದಿಲ್ಲ. ಈ ಮಗ್ಗದ ಬಟ್ಟೆಯಲ್ಲಿ ಸಾಮಾನ್ಯವಾಗಿ ಹಾಸು ಒತ್ತೊತ್ತಾಗಿ ಕೂತು ಹೊಕ್ಕನ್ನು ಮುಚ್ಚಿಬಿಡುತ್ತದೆ. ಮೇಲಿನ ಎಳೆ, ಕೆಳಗಿನ ಎಳೆ ಬದಲಾಗುವಾಗೆಲ್ಲ ಒಂದಕ್ಕೊಂದು ಉಜ್ಜುತ್ತವೆ. ಸಡಿಲ ನೂಲಾದರೆ ನಾರೆದ್ದು ಅಂಟಿಕೊಳ್ಳುತ್ತದೆ. ನಾವು ಗಂಜಿ ಹಾಕಿ ಎಳೆ ಗಟ್ಟಿ ಮಾಡುತ್ತೇವೆ. ಅವರು ಹುರಿಯಿಂದಲೇ ಗಟ್ಟಿ ಮಾಡಿದರು. ಎರಡು ಎಳೆ ಸೇರಿಸಿ, ಇನ್ನು ಸಾಕು ಅನ್ನಿಸಿದ ಮೇಲೂ ಇನ್ನಷ್ಟು ಹುರಿ ಕೊಡುತ್ತಾರೆ. ಪರೀಕ್ಷೆ ಸುಲಭ: ಒಂದು ಗೇಣು ನೂಲನ್ನು ಎರಡು ಕೈಯಲ್ಲಿ ಹಿಡಿದು ಸಡಿಲ ಬಿಡಿ. ಅದು ತನ್ನ ಮೇಲೆ ತಾನೇ ಸುರುಳಿ ಸುತ್ತಿಕೊಂಡರೆ ಹುರಿ ಸಾಕು. ಕುಸ್ಕೊದಿಂದ ತಂದ ಅಲ್ಪಾಕಾ (ಲಾಮಾ ಜಾತಿಯ ಪ್ರಾಣಿ) ಉಣ್ಣೆಯ ನೂಲು ಸ್ವೆಟರ್ ಹೆಣಿಗೆಯದು, ಸುಮ್ನೆ ಮೆತ್ತಗಿತ್ತು. ಅದನ್ನೆಲ್ಲ ತಕಲಿಯಲ್ಲಿ ಮತ್ತೆ ಹುರಿ ಮಾಡಿದೆ. ಹತ್ತಿ ನೂಲಿಗೂ ಅದೇ.

ಹತ್ತಿ ಅಂದಾಗ ಒಂದು ಮಾತು. ಪೆರುವಿನ ಕರಾವಳಿಯ ಹತ್ತಿ ಜಾತಿಯ ಹೆಸರು ಗಾಸಿಪಿಯಂ ಬಾರ್ಬಡೆನ್ಸ್. ಬಿಳಿಯಷ್ಟೇ ಅಲ್ಲ, ಕಂದು ಬಣ್ಣದ ಹತ್ತಿಯೂ ಗಿಡದಲ್ಲೇ ಬಿಡುತ್ತದೆ. ನಮ್ಮ ಕಡೆ ರೈತರು ಡಿಸಿಎಚ್ ಎನ್ನುವ, ಧಾರವಾಡದಲ್ಲಿ ಹುಟ್ಟಿದ ಉದ್ದ ಎಳೆಯ ಮಿಶ್ರತಳಿ ಹತ್ತಿಗೆ ಈ ಜಾತಿಯೂ ಒಂದು ಕಡೆಯ ಪೋಷಕ. ನನ್ನ ನೂಲಿನಲ್ಲಿ ಆ ನೆಂಟಸ್ತಿಕೆ ಇದೆ ಎಂದು ಗೊತ್ತಾದಾಗ ನಿಜಕ್ಕೂ ಖುಷಿಯಾಯಿತು.

ಈಗ ಅಂಚಿನ ಕೆಲಸ. ಹಲಗೆಗೆ ಗೂಟ ಹೊಡೆದು ಹಾಸು ಸುತ್ತಿದೆ. ಎಳೆ ಆ ಗೂಟದಿಂದ ಈ ಗೂಟಕ್ಕೆ, ನಡುವೆ ಅಡ್ಡ ಹಾದು ಎಂಟರ ಆಕಾರದಲ್ಲಿ ಓಡುತ್ತದೆ. ಎರಡೂ ತುದಿಯಲ್ಲಿ ಕುಣಿಕೆಗಳ ಸಾಲು. ಗೂಟದಿಂದ ತೆಗೆಯುವ ಮೊದಲು ಆ ಕುಣಿಕೆಗಳ ಒಳಗೆ ಒಂದು ಗಟ್ಟಿ ಹುರಿ ತೂರಿಸಬೇಕು. ಎಲ್ಲ ಗುಟ್ಟು ಇರುವುದು ಇಲ್ಲೇ. ಹಾಸಿನ ಕುಣಿಕೆಗಳು ಮಗ್ಗದ ಕೋಲಿಗೆ ನೇರವಾಗಿ ಸಿಕ್ಕಿಕೊಳ್ಳುವುದಿಲ್ಲ. ಈ ಹುರಿಯನ್ನು ಬೇರೆ ದಾರದಿಂದ ಕೋಲಿಗೆ ಬಿಗಿಯುತ್ತಾರೆ. ಹುರಿಯೇ ಮೊದಲ ಹೊಕ್ಕು ಆಗುತ್ತದೆ. ನೇಯ್ಗೆ ಮುಗಿದ ಮೇಲೆ ಬಿಗಿದ ದಾರ ಬಿಚ್ಚಿದರೆ ಕೋಲು ಬೇರೆ, ಬಟ್ಟೆ ಬೇರೆ. ಉದ್ದವೂ ಹಾಸು ಸುತ್ತುವಾಗಲೇ ತೀರ್ಮಾನ ಆಗಿಬಿಡುತ್ತದೆ. ನಂತರ ನಾಲ್ಕು ಬೆರಳು ಜಾಸ್ತಿ ಬೇಕು ಅಂದರೆ ಸಿಗುವುದಿಲ್ಲ. ಉಡುವವರ ಮೈ ಅಳತೆ ಮೊದಲ ಎಳೆಗೂ ಮುಂಚೆಯೇ ನೇಕಾರರ ತಲೆಯಲ್ಲಿ ಇರಬೇಕು.

ಒಂದು ತುದಿಯಲ್ಲಿ ಸ್ವಲ್ಪ ನೇಯ್ದು, ಮಗ್ಗ ತಿರುಗಿಸಿ, ಇನ್ನೊಂದು ತುದಿಯಿಂದ ಶುರು ಮಾಡಿದೆ. ಎರಡೂ ಹತ್ತಿರ ಬಂದಂತೆ ಜಾಗ ಇಕ್ಕಟ್ಟಾಗುತ್ತದೆ. ಮೊದಲು ಬಡಿಯುವ ಪಟ್ಟಿ ಹಿಡಿಸುವುದಿಲ್ಲ. ಸಣ್ಣ ಕಡ್ಡಿ ಹಾಕಬೇಕು. ಆಮೇಲೆ ಎಳೆ ಎತ್ತುವ ದಾರದ ಕುಣಿಕೆಗಳನ್ನೂ ತೆಗೆಯಬೇಕು. ಕೊನೆಯ ಎರಡು ಬೆರಳಗಲಕ್ಕೆ ಸೂಜಿಯೇ ಗತಿ. ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ, ಸೂಜಿಯ ಮೊನೆಯಲ್ಲೇ ಒತ್ತುತ್ತಾ ಹೋಗಬೇಕು. ಅಲ್ಲಿಯವರೆಗೆ ಬಿಟ್ಟು ಕೊಡುತ್ತಿದ್ದ ಹಾಸು ಆಗ ತಂತಿಯ ಹಾಗೆ ಬಿಗಿದಿರುತ್ತದೆ. ಸೂಜಿ ತೂರಿಸಿದರೆ ಬೆರಳ ತುದಿ ನೋಯುತ್ತದೆ. ಇಷ್ಟು ಮಾಡಿದ ಮೇಲೆ ನನಗೆ ವಸ್ತುಸಂಗ್ರಹಾಲಯದ ಬಟ್ಟೆಗಳು ಬೇರೆಯಾಗೇ ಕಾಣತೊಡಗಿದವು. ಚಿತ್ರ ಚೆನ್ನಾಗಿ ಬಂದು ಒಂದು ಕಡೆ ಇದ್ದಕ್ಕಿದ್ದಂತೆ ಬರೀ ಸಾದಾ ನೇಯ್ಗೆಯಾಗಿದ್ದರೆ, ಇಲ್ಲವೇ ಹೊಕ್ಕು ಸ್ವಲ್ಪ ಸಡಿಲವಾಗಿದ್ದರೆ, ನೇಕಾರರು ಮುಗಿಸಿದ ಜಾಗ ಅದೇ. ಸಾವಿರಾರು ವರ್ಷದ ಹಿಂದಿನ ಆ ಬೆರಳುಗಳೂ ಅಲ್ಲಿ ನೊಂದಿದ್ದವು ಎಂದು ನನಗೆ ಖಾತ್ರಿ.

ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಪರಾಕಾಸ್, ಅದರ ನಂತರದ ನಾಸ್ಕಾ ನೇಕಾರರು ಬಟ್ಟೆಯ ನಡುವೆಯೇ ಹಾಸಿನ ಬಣ್ಣ ಬದಲಿಸುತ್ತಿದ್ದರು. ಕೆಂಪು ಚೌಕದಲ್ಲಿ ಹಾಸೂ ಕೆಂಪು, ಹೊಕ್ಕೂ ಕೆಂಪು. ಪಕ್ಕದ ಹಳದಿ ಚೌಕದಲ್ಲಿ ಎರಡೂ ಹಳದಿ. ಬಣ್ಣ ಒಂದಿಷ್ಟೂ ಬೆರಕೆ ಇಲ್ಲ. ಜಗತ್ತಿನಲ್ಲಿ ತೀರಾ ಅಪರೂಪದ ಕೆಲಸ ಇದು. ಮಾಡುವ ಬಗೆ ಹೀಗೆ: ಹಾಸಿನ ಎಳೆಗಳಿಗೆ ಅಡ್ಡಲಾಗಿ, ಬಣ್ಣ ಬದಲಾಗಬೇಕಾದ ಜಾಗದಲ್ಲೆಲ್ಲ ಆಸರೆ ಎಳೆಗಳನ್ನು ಕಟ್ಟುತ್ತಾರೆ. ಕೆಂಪು ಹಾಸು ಆ ಎಳೆಯವರೆಗೆ ಬಂದು, ಅದನ್ನು ಸುತ್ತಿ ವಾಪಸ್ ಹೋಗುತ್ತದೆ. ಹಳದಿ ಹಾಸು ಆ ಕಡೆಯಿಂದ ಬಂದು, ಕೆಂಪಿನ ಕುಣಿಕೆಗೆ ಸಿಕ್ಕಿಕೊಂಡು ತಿರುಗುತ್ತದೆ. ನೇಯ್ದ ಮೇಲೆ ಆಸರೆ ಎಳೆಯನ್ನು ಎಳೆದುಬಿಡುತ್ತಾರೆ.

ನಾನು ಕೆಂಪು, ದಂತದ ಬಣ್ಣ ಎರಡನ್ನೇ ಹಿಡಿದು ಮೆಟ್ಟಿಲಿನಂಥ ಒಂದು ಚಿತ್ರಕ್ಕೆ ಹಾಸು ಹಾಕುತ್ತಿದ್ದೆ. ಅವ್ವ ಬಂದು ನೋಡಿದಳು. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ ಅಲ್ವಾ? ಎರಡರ ಎಳೆಗಳನ್ನೂ ಕೊಂಡಿ ಹಾಕಿ ಜೋಡಿಸುತ್ತೇವೆ. ಅವ್ವ ಜೀವನಪೂರ್ತಿ ಆ ಕೊಂಡಿ ಹಾಕಿದವಳು.

"ಇದು ನಮ್ಮ ಕೊಂಡೀನ ಐತಲ್ಲ ತಂಗಿ," ಅಂದಳು. ಸ್ವಲ್ಪ ಹೊತ್ತು ನೋಡಿ, "ಆದ್ರ ನಡುವ ಈ ಎಳಿ ಯಾಕ ಹಾಕೀ?" ಎಂದು ಕೇಳಿದಳು.

ಸರಿಯಾದ ಪ್ರಶ್ನೆ. ಉತ್ತರ ಹೇಳುತ್ತಾ ನನಗೂ ತಿಳಿಯಾಯಿತು. ನಮ್ಮಲ್ಲಿ ಕೊಂಡಿ ಒಂದೇ ಸಾಲಿನಲ್ಲಿ, ಸೀರೆಯ ಅಗಲಕ್ಕೆ ನೇರವಾಗಿ ಬರುತ್ತದೆ. ಎರಡೂ ಹಾಸು ಒಟ್ಟಿಗೆ ಬಿಗಿಯಾಗುವುದರಿಂದ ಕೊಂಡಿ ತಾನಾಗಿಯೇ ಜಾಗದಲ್ಲಿ ನಿಲ್ಲುತ್ತದೆ. ಅಲ್ಲಿ ಕೊಂಡಿ ಮೇಲೆ, ಕೆಳಗೆ, ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಆಸರೆ ಎಳೆ ಇಲ್ಲದಿದ್ದರೆ ಒಂದು ಬಣ್ಣ ಇನ್ನೊಂದನ್ನು ತನ್ನ ಕಡೆಗೆ ಎಳೆದು ಮೆಟ್ಟಿಲೆಲ್ಲ ಓರೆಯಾಗುತ್ತದೆ. ಹೊಕ್ಕು ಬಂದು ಎಲ್ಲವನ್ನೂ ಹಿಡಿದ ಮೇಲೆ ಆಸರೆ ಬೇಡ. ಅವ್ವ ಮರುಮಾತಾಡದೆ ಪಕ್ಕದಲ್ಲಿ ಕೂತು ದಂತದ ಬಣ್ಣದ ಕೊಂಡಿಗಳನ್ನು ಹಾಕಿಕೊಟ್ಟಳು. ಅವಳ ಸಾಲು ನನ್ನದಕ್ಕಿಂತ ಸಮ ಇತ್ತು.

ವಾರಿ ಜನ, ಅಂದರೆ ಪೆರುವಿನಲ್ಲಿ ಸುಮಾರು ಕ್ರಿ.ಶ. 600ರಿಂದ 1000ದವರೆಗೆ ಆಳಿದವರು, ಈ ವಿದ್ಯೆಯನ್ನು ಇನ್ನೂ ಮುಂದಕ್ಕೆ ಒಯ್ದರು. ಮೆಟ್ಟಿಲಾಕಾರದ ತುಂಡುಗಳನ್ನು ಆಸರೆ ಎಳೆಗಳ ಮೇಲೆ ಒಟ್ಟಿಗೆ ನೇಯ್ದು, ಎಳೆ ತೆಗೆದು ಬಿಡಿಸುತ್ತಿದ್ದರು. ಬಿಡಿ ತುಂಡುಗಳನ್ನು ಗಂಟು ಕಟ್ಟಿ ಬೇರೆ ಬೇರೆ ಬಣ್ಣದಲ್ಲಿ ಅದ್ದಿ, ಮತ್ತೆ ಜೋಡಿಸುತ್ತಿದ್ದರು. ನೂರಾರು ತುಂಡು, ಒಂದಕ್ಕೂ ಕತ್ತರಿಸಿದ ಅಂಚಿಲ್ಲ. ಕತ್ತರಿಸಿ ಹೊಲಿಯುವುದು ಎಷ್ಟೋ ಸುಲಭವಿತ್ತು. ಅವರಿಗೆ ನೇಯ್ದದ್ದನ್ನು ಕಡಿಯುವುದೇ ಬೇಡವಾಗಿತ್ತು ಎಂದೇ ನಾನು ಓದಿಕೊಳ್ಳುತ್ತೇನೆ.

ಕೆಂಪಿನ ಬಗ್ಗೆ ಕೇಳುವವರು ಜಾಸ್ತಿ. ಪರಾಕಾಸ್ ಕಾಲದಲ್ಲಿ ಅದು ಹೆಚ್ಚಾಗಿ ಒಂದು ಗಿಡದ ಬೇರಿನ ಬಣ್ಣ. ನಂತರದ ಕಾಲದ ಕೆಂಪು ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಕೊಚಿನೀಲ್ ಹುಳುವಿನದು. ಒಣಗಿದ ಹುಳು ಕಾಳಿನಂತಿರುತ್ತದೆ. ಪುಡಿ ಮಾಡಿ, ಪಟಿಕ ಹಾಕಿ ಕುದಿಸಿದ ಉಣ್ಣೆಗೆ ಕೊಟ್ಟರೆ ಗಾಢ ಕೆಂಪು. ನಿಂಬೆರಸ ಹಿಂಡಿದರೆ ಕಿತ್ತಳೆ ಕಡೆ ವಾಲುತ್ತದೆ. ಹತ್ತಿ ಇದನ್ನು ಸುಲಭವಾಗಿ ಹಿಡಿಯುವುದಿಲ್ಲ. ಕರಾವಳಿಯ ನೇಕಾರರು ಬಣ್ಣಕ್ಕಾಗಿ ಬೆಟ್ಟದ ಮೇಲಿನ ಉಣ್ಣೆ ತರಿಸುತ್ತಿದ್ದದ್ದಕ್ಕೆ ಇದೂ ಕಾರಣ. 1790ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಮದರಾಸಿನಲ್ಲಿ ಈ ಹುಳು ಸಾಕುವ ಪ್ರಯತ್ನ ಮಾಡಿದ್ದರು. ಆದರೆ ಇಲ್ಲಿಗೆ ಬಂದದ್ದು ಕೀಳು ಜಾತಿಯ ಹುಳು. ಅದು ಬಣ್ಣಕ್ಕಿಂತ ಹೆಚ್ಚಾಗಿ ಕಳ್ಳಿಯನ್ನು ತಿಂದು ಹಾಕಿತು.

ಈಗ ಮಗ್ಗದ ಮೇಲೆ ಒಂದು ಮಗುವಿನ ಅಳತೆಯ ಉಂಕು ಇದೆ. ಉಂಕು ಅಂದರೆ ಇಂಕಾ ಗಂಡಸರು, ಸ್ಪೇನಿನವರು ಬರುವ ಮುಂಚೆ ಪೆರುವನ್ನು ಆಳಿದ ಜನ, ತೊಡುತ್ತಿದ್ದ ತೋಳಿಲ್ಲದ ಅಂಗಿ. ಇಂಕಾಗಳಲ್ಲಿ ನಯವಾದ ಬಟ್ಟೆಗೆ ಚಿನ್ನಕ್ಕಿಂತ ಹೆಚ್ಚು ಮರ್ಯಾದೆ ಇತ್ತು. ರಾಜ ಅದನ್ನು ಉಡುಗೊರೆ ಕೊಡುತ್ತಿದ್ದ, ದೇವರಿಗೆ ಸುಟ್ಟು ಅರ್ಪಿಸುತ್ತಿದ್ದರು. ಅಂಗಿಯ ಕೊರಳೂ ಮಗ್ಗದ ಮೇಲೆಯೇ ಬರಬೇಕು. ನಡುವೆ, ಕೊರಳಿನ ಉದ್ದಕ್ಕೆ ಸರಿಯಾಗಿ ಆಸರೆ ಎಳೆ ಕಟ್ಟಿದ್ದೇನೆ. ಅಲ್ಲಿ ಮಾತ್ರ ಎರಡೂ ಕಡೆಯ ಹಾಸು ಒಂದಕ್ಕೊಂದು ಸಿಕ್ಕಿಕೊಳ್ಳದೆ, ಎಳೆಯನ್ನಷ್ಟೇ ಸುತ್ತಿ ತಿರುಗುತ್ತವೆ. ಕೊನೆಗೆ ಅದನ್ನು ಎಳೆದರೆ ಕೊರಳು ತೆರೆಯುತ್ತದೆ. ಆಮೇಲೆ ಮಡಚಿ, ತೋಳಿಗೆ ಜಾಗ ಬಿಟ್ಟು ಎರಡೂ ಮಗ್ಗುಲು ಹೊಲಿಯುವುದು. ಕೆಳಗಿನ ಅಂಚಿನ ಮೇಲೆ ಇಂಕಾ ಅಂಗಿಗಳಲ್ಲಿ ಒಂದು ಅಂಕುಡೊಂಕು ಗೆರೆಯ ಕಸೂತಿ ಇರುತ್ತದೆ. ಆ ಹೊಲಿಗೆಯನ್ನು ಬೇರೆ ತುಂಡಿನ ಮೇಲೆ ಹಾಕಿ ಅಭ್ಯಾಸ ಮಾಡುತ್ತಿದ್ದೇನೆ.